ವಿಭೂತಿ ಬಂಡೆಗೆ ಬೆಂಕಿ

"ನನ್ನ ತಲೆ ಮ್ಯಾಲೆ ಬೇಕಾದ್ರೆ ಬೆಂಕಿ ಇಕ್ಕಮ್ಮ. ಈ ಬಂಡೆ ಮ್ಯಾಲೆ ಮಾತ್ರ ಬ್ಯಾಡ!"

ತಿಪ್ಪೇರುದ್ರಪ್ಪನವರು ಕೈ ಅಗಲಿಸಿ ಬಂಡೆಗೆ ಅಡ್ಡ ನಿಂತುಬಿಟ್ಟರು. ಟೀಚರು ಭ್ರಮರಾಂಬ ಅವರ ಎದುರಿಗೆ ಬಂದಳು. ಮುಂಜಾನೆ ಹಿಂದೂಪುರದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ, ಅದು ನಿಂತಲ್ಲೆಲ್ಲ ಇಳಿದು ಹತ್ತಿ, ಕಲ್ಯಾಣದುರ್ಗ ಮುಟ್ಟಿದ್ದು ಈ ಮಾತು ಕೇಳುವುದಕ್ಕೇ?

ಮದರಾಸು ಸರ್ಕಾರದ ಇನ್‌ಸ್ಪೆಕ್ಟರಮ್ಮ ಬರಲು ಉಳಿದಿದ್ದು ಹತ್ತೇ ದಿನ. ಕಲ್ಯಾಣದುರ್ಗದ ಹೆಣ್ಣುಮಕ್ಕಳ ಶಾಲೆಗೆ ಗೋಡೆ ಎದ್ದಿತ್ತು, ಸೂರು ಬಂದಿರಲಿಲ್ಲ. ಬಂಡೆಯ ಮೇಲೆ ಬೆಂಕಿ ಹಾಕಿ ಎಬ್ಬಿಸಿದ ಕಲ್ಲುಚಪ್ಪಡಿಯೇ ಸೂರಾಗಬೇಕಿತ್ತು. ಸೂರಿಲ್ಲದ ಶಾಲೆಗೆ ಮಂಜೂರಾತಿ ಸಿಗದು. ಮಂಜೂರಾತಿ ಸಿಗದಿದ್ದರೆ ಐದನೇ ತರಗತಿ ಮುಗಿಸಿದ ಹನ್ನೆರಡು ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತದೆ. ಹಿಂದೂಪುರದ ಕೆಲಸ ಬಿಟ್ಟು ಅವರಿಗೆ ಪಾಠ ಹೇಳಲು ಒಪ್ಪಿದವಳು ಭ್ರಮರಾಂಬ. ಜಾಗ ಕೊಟ್ಟವರು ಈ ತಿಪ್ಪೇರುದ್ರಪ್ಪನವರು, ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಕಡಲೆಕಾಯಿ ವ್ಯಾಪಾರಿ. ಬಂಡೆಯೂ ಅವರ ಹೊಲದ್ದೇ.

"ಕಲ್ಲು ಕೊಡ್ತೀನಿ ಅಂದಿದ್ರಲ್ಲ, ಯಜಮಾನ್ರೇ?"

"ಕೊಡಾಕಿಲ್ಲ ಅಂದ್ನಾ? ಅಗೋ, ಆ ಕರೀ ಬಂಡೆ ತಗಳ್ಳಿ. ಇದರ ಹಣೆ ನೋಡಮ್ಮ! ಸಾಕ್ಷಾತ್ ಶಿವನ ವಿಭೂತಿ. ನಮ್ಮ ತಾತನ ಕಾಲದಿಂದ ಬಿತ್ತನೆಗೆ ಮುಂಚೆ ಇಲ್ಲೇ ಕಾಯಿ ಒಡೀತೀವಿ."

ನಿಜವೇ. ಬೂದುಬಣ್ಣದ ಬಂಡೆಯ ಮೈಮೇಲೆ ಮೂರು ಬಿಳಿ ಪಟ್ಟೆಗಳು, ಮೂರು ಬೆರಳಿನಲ್ಲಿ ಎಳೆದ ಹಾಗೆ. ಕಟ್ಟಿಗೆ ಹೊರೆ ಇಳಿಸಿದ್ದ ಕಲ್ಲುಕುಟಿಗ ಚೌಡಣ್ಣ, ಅವನ ಹೆಂಡತಿ ಮುನೆಮ್ಮ ಇಬ್ಬರೂ ಭ್ರಮರಾಂಬಳ ಮುಖ ನೋಡಿದರು.

ಅವಳು ಕರಿಬಂಡೆಯ ಹತ್ತಿರ ಹೋದಳು. ತುರುಬಿನ ಪಿನ್ನು ತೆಗೆದು ಮೀಟಿದಳು. ಹೊಳೆಯುವ ಹಾಳೆಯೊಂದು ಎದ್ದು, ಬೆರಳಲ್ಲೇ ಪುಡಿಯಾಯಿತು.

"ಇದನ್ನ ಮಕ್ಕಳ ತಲೆ ಮೇಲೆ ಹೊದಿಸೋದಾ?"

ತಿಪ್ಪೇರುದ್ರಪ್ಪನವರು ಆ ಪುಡಿಯನ್ನೇ ನೋಡಿದರು.

"ಎರಡೂ ರೂಪಾಂತರ ಶಿಲೆಗಳೇ, ಯಜಮಾನ್ರೇ. ಹುಟ್ಟಿದಾಗ ಒಂದು, ಬೆಂದ ಮೇಲೆ ಇನ್ನೊಂದು. ಈ ಕರೀದು ಮೊದಲು ನಮ್ಮ ಕೆರೆಯ ಜೇಡಿಯಂಥ ಮಣ್ಣು. ಭೂಮಿ ಒಳಗೆ ಹೂತು, ಭಾರಕ್ಕೆ ಅದುಮಿ, ಮಕ್ಕಳು ಬರೆಯೋ ಪಲಕದ ಕಲ್ಲಾಯ್ತು. ಇನ್ನೂ ಬೆಂದು ಕಾಗೆಬಂಗಾರದ ಪದರ ಆಯ್ತು. ಸುಣ್ಣದ ಕಲ್ಲು ಹಾಗೇ ಬೆಂದ್ರೆ ಅಮೃತಶಿಲೆ."

"ಅಷ್ಟು ಬೆಂದ್ರೆ ಕರಗಿ ನೀರಾಗಾಕಿಲ್ವಾ?"

"ಕಡುಬು ಹಬೆಯಲ್ಲಿ ಬೇಯುತ್ತಲ್ಲ, ಹಾಗೆ. ಹಿಟ್ಟು ಕರಗಲ್ಲ. ಹಿಟ್ಟಾಗಿ ಉಳಿಯೋದೂ ಇಲ್ಲ." ಹೆಚ್ಚು ಮಾತಾಡಿದೆನೇ ಎಂದು ಅವಳಿಗೆ ಅಳುಕಾಯಿತು. ಆದರೂ ಪಟ್ಟೆ ಬಂಡೆಯ ಮೇಲೆ ಕೈಯಿಟ್ಟಳು. "ಇದು ಇನ್ನೂ ಆಳದಲ್ಲಿ, ಇನ್ನೂ ಬೇಗೆಯಲ್ಲಿ ಬೆಂದದ್ದು. ಆ ಬೇಗೆಗೆ ಕರಿ ಕಣಗಳು ಒಂದು ಕಡೆ, ಬಿಳಿ ಕಣಗಳು ಒಂದು ಕಡೆ ಸೇರಿ ಪಟ್ಟೆಯಾದವು. ಯಜಮಾನ್ರೇ, ಈ ವಿಭೂತಿ ಇಟ್ಟಿದ್ದೇ ಬೆಂಕಿ."

"ನಿಮ್ಮ ಹಣೆ ಮ್ಯಾಲಿರೋದೂ ಸಗಣಿ ಸುಟ್ಟಿದ್ದೇ ಅಲ್ವಾ ಸಾಮಿ?" ಎಂದಳು ಮುನೆಮ್ಮ.

"ಏಯ್, ನೋರು ಮೂಸ್ಕೋ!" ಬಾಯಿ ಮುಚ್ಚೆಂದು ಚೌಡಣ್ಣ ತೆಲುಗಿನಲ್ಲಿ ಗದರಿದ.

ತಿಪ್ಪೇರುದ್ರಪ್ಪನವರ ಮೀಸೆ ಅದುರಿತು. ಸಿಟ್ಟೋ ನಗುವೋ ತಿಳಿಯಲಿಲ್ಲ. ಹಣೆ ಮುಟ್ಟಿಕೊಂಡು ಬೆರಳು ನೋಡಿದರು. "ಇಕ್ಕಿ. ಆದ್ರೆ ಒಂದೇ ಸಲ. ಮುರೀತೋ, ಇನ್ನೊಂದು ಕಡ್ಡಿ ಗೀರಬ್ಯಾಡಿ."

ಮುನೆಮ್ಮ ಆಗಲೇ ಕಡ್ಡಿ ಗೀರಿದ್ದಳು.

ಹತ್ತು ಅಡಿ ಉದ್ದದ ಕಟ್ಟಿಗೆ ಸಾಲು ಬಂಡೆಯ ಅಂಚಿನಲ್ಲಿ ಧಗಧಗಿಸಿತು. ಕಾದ ಮೇಲ್ಮೈ ಉಬ್ಬಿ ಅಡಿಯ ಬಂಡೆಯನ್ನು ಬಿಡಬೇಕು. ಬಿಟ್ಟಿದೆಯೋ ಇಲ್ಲವೋ ಹೇಳಲು ಮುನೆಮ್ಮನ ಕಿವಿಯೇ ಗತಿ. ಸುತ್ತಿಗೆಯಿಂದ ಬಡಿದಳು. ಠಣ್. ಕಾದಳು. ಮತ್ತೆ ಬಡಿದಳು. ಡಬ್!

"ಬಿಡ್ತು! ತಳ್ಳು ಮಾವ!"

ಚೌಡಣ್ಣ ಕವೆಗೋಲಿನಿಂದ ಉರಿಯುವ ಸಾಲನ್ನು ಗೇಣುದ್ದ ಮುಂದಕ್ಕೆ ತಳ್ಳಿದ. ಮತ್ತೆ ಠಣ್, ಮತ್ತೆ ಡಬ್, ಮತ್ತೊಂದು ಗೇಣು. ಭ್ರಮರಾಂಬ ಬೆಂಕಿಯನ್ನು ನೋಡಲಿಲ್ಲ, ಅದರ ಮುಂದಿನ ಕಲ್ಲನ್ನು ನೋಡುತ್ತಿದ್ದಳು. ಹನ್ನೊಂದು ಅಡಿ ಉದ್ದದ ಹಾಳೆ ಎದ್ದರೆ ಅದನ್ನು ಸೀಳಿ ಎಂಟು ಚಪ್ಪಡಿ, ಇಡೀ ಕೋಣೆಗೆ ಸೂರು. ಹತ್ತಾದರೆ ಗೋಡೆಯಿಂದ ಗೋಡೆಗೆ ಮುಟ್ಟುವುದಿಲ್ಲ.

ಎಂಟು ಅಡಿ ದಾಟಿತು. ಆಗ ಕಂಡಿತು ಅವಳಿಗೆ, ಒಣಗಿದ ಪಾಚಿಯ ಅಡಿಯಲ್ಲಿ ಹಾಲುಬಿಳುಪಿನ ಗೆರೆ. ಪಟ್ಟೆಗಳ ಜೊತೆ ಸಾಗದೆ, ಅವುಗಳನ್ನು ಓರೆಯಾಗಿ ಕತ್ತರಿಸಿ ಹೊರಟಿತ್ತು.

"ನಿಲ್ಲಿಸಿ! ಅದು ಬೆಣಚುಕಲ್ಲು. ಬೆಂಕಿ ಅದನ್ನ ದಾಟಿದ್ರೆ ಹಾಳೆ ಅಲ್ಲೇ ಸಿಡಿಯುತ್ತೆ!"

ಮುನೆಮ್ಮ ಗೆರೆಯ ಮೇಲೆ ಬಡಿದಳು. ಠಣ್ಣೂ ಅಲ್ಲ, ಡಬ್ಬೂ ಅಲ್ಲ, ಒಡಕು ಮಡಕೆಯ ಸದ್ದು. ಅವಳ ಮುಖ ಕಪ್ಪಿಟ್ಟಿತು. "ದಿಟ ಕಣಮ್ಮ. ನಿಲ್ಸಿದ್ರೂ ಕೆಟ್ವಿ, ಕಲ್ಲು ಆರೋಯ್ತದೆ."

"ನಿಲ್ಲಿಸೋದು ಬೇಡ. ಗೆರೆ ಎಡತುದಿಗೇ ಹತ್ತಿರ ಇದೆ. ಸಾಲಿನ ಎಡತುದಿ ನಿಧಾನಕ್ಕೆ ಬರಲಿ, ಬಲತುದಿ ಮಾತ್ರ ಬೇಗ ಮುಂದಕ್ಕೆ ಬೀಸಿ. ಗೆರೆ ಪಕ್ಕಕ್ಕೇ ಉಳಿಯುತ್ತೆ!"

"ಒಬ್ಬನ ಕೈಲಿ ಆಗಾಕಿಲ್ಲ!" ಚೌಡಣ್ಣ ಕೂಗಿದ.

ಎರಡನೇ ಕವೆಗೋಲು ಎತ್ತಿಕೊಂಡವರು ತಿಪ್ಪೇರುದ್ರಪ್ಪನವರು! ಕಚ್ಚೆ ಬಿಗಿದು, ಕಣ್ಣಿಗೆ ಹೊಗೆ ತುಂಬಿ, "ಪಟ್ಟು ಚೌಡಣ್ಣ, ಗಟ್ಟಿ ಹಿಡಿ! ಬಿಡಬ್ಯಾಡ!" ಎಂದು ಅರಚುತ್ತಾ ಶಿವನ ಹಣೆಯ ಮೇಲೆ ಬೆಂಕಿ ನೂಕಿದರು. ಸಾಲು ಬಾಗಿತು. ಕಿಡಿ ಹಾರಿತು. ಮುನೆಮ್ಮ ಓಡಿ ಓಡಿ ಬಡಿದಳು. ಠಣ್. ಠಣ್. ಭ್ರಮರಾಂಬ ಸೆರಗು ಕಚ್ಚಿಕೊಂಡಳು. ಠಣ್.

ಡಬ್!

ಆಮೇಲೆ ಬಂಡೆಯ ಹೊಟ್ಟೆಯಿಂದಲೇ ಬಂದಂತೆ ಉದ್ದನೆಯದೊಂದು ಸದ್ದು. ಅಂಚಿನಲ್ಲಿ ಕೂದಲೆಳೆಯ ಬಿರುಕು ಸುತ್ತ ಓಡಿ ಬಂತು. ಹಾಳೆ ಇಡಿಯಾಗಿ ಬಿಟ್ಟುಕೊಂಡಿತ್ತು, ಬೆಣಚಿನ ಗೆರೆಗೆ ಅಂಗೈಯಷ್ಟು ದೂರದಲ್ಲಿ.

"ಬಂದ್ಬುಡ್ತು! ಟೀಚರಮ್ಮ, ಬಂದ್ಬುಡ್ತು!" ಮುನೆಮ್ಮ ಕುಣಿದೇಬಿಟ್ಟಳು.

ಚೌಡಣ್ಣ ಗಂಟು ಹಾಕಿದ ಹಗ್ಗ ಹಿಡಿದು ಗಿಡ್ಡ ಮಗ್ಗುಲನ್ನೇ ಅಳೆದ. "ಹನ್ನೊಂದು ಅಡಿ, ಒಂದು ಗೇಣು."

ತಿಪ್ಪೇರುದ್ರಪ್ಪನವರ ಬಿಳಿಪಂಚೆ ಮಸಿಯಾಗಿತ್ತು. ಬೆವರಿಗೆ ಹಣೆಯ ವಿಭೂತಿ ಹರಿದುಹೋಗಿತ್ತು. ಬಂಡೆಯ ಮೂರು ಪಟ್ಟೆಗಳು ಹಾಗೇ ಇದ್ದವು. ಅವರು ಅವನ್ನೇ ನೋಡುತ್ತಾ ಹೇಳಿದರು: "ಪಟ್ಟೆ ಇರೋ ಮಗ್ಗುಲು ಕೆಳಮುಖ ಮಾಡಿ ಹೊದ್ಸೋ ಚೌಡ. ಹುಡ್ಗೀರು ತಲೆ ಎತ್ತಿದ್ರೆ ಕಾಣ್ಬೇಕು. ಅದೇನು ಬೆಂದಿದ್ದು ಕಡುಬು ಅಂದ್ರಲ್ಲ, ಅದ್ನೂ ಟೀಚರಮ್ಮ ಅಲ್ಲೇ ತೋರ್ಸ್ಲಿ."

ಭ್ರಮರಾಂಬಳಿಗೆ ನಗಬೇಕೆನ್ನಿಸಿತು, ಅಳುವೂ ಬಂತು. ಎರಡನ್ನೂ ತಡೆದು ಕೆಮ್ಮಿದಳು.

"ಚೌಡಣ್ಣ, ಇನ್ನೊಂದು ಸಲ ಅಳೆದು ನೋಡಿ."

"ಅಳದ್ನಲ್ಲಮ್ಮ!"

"ಇರಲಿ, ಅಳೆದು ನೋಡಿ."

ಅವನು ನಗುತ್ತಾ ಮತ್ತೆ ಹಗ್ಗ ಹಿಡಿದ. ಇನ್ನೊಂದು ತುದಿಯನ್ನು ಈ ಸಲ ಅವಳೇ ಒತ್ತಿ ಹಿಡಿದಳು. ಕಲ್ಲು ಇನ್ನೂ ಬಿಸಿಯಾಗಿತ್ತು. ಹನ್ನೊಂದು ಅಡಿ, ಒಂದು ಗೇಣು.