ಮೈಕಿನ ಇನ್ನೂರ ಹದಿನಾಲ್ಕು ಮಾತು

ಮೈಕಿನ ಮರ್ಯಾದೆ ಹೋದದ್ದು ಒಂದು ಅಪ್‌ಡೇಟಿನಿಂದ.

ಮೂವತ್ತೆರಡು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವನಿಗೆ ಊರು ಇಟ್ಟ ಹೆಸರು ಮೈಕು. ಗಂಟಲಲ್ಲಿ ಗಡ್ಡೆ ಬೆಳೆದು, ಹೋದ ವರ್ಷ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಅವನ ಮಾತೆಲ್ಲ ಲ್ಯಾಪ್‌ಟಾಪಿನಲ್ಲಿತ್ತು. ಹಾಡು ಕೇಳುವ ಆ್ಯಪಿನೊಳಗೆ, ಹಾಡುಗಳಿರಬೇಕಾದ ಜಾಗದಲ್ಲಿ, ಆಪರೇಷನ್ನಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಅವನದೇ ದನಿಯ ಇನ್ನೂರ ಹದಿನಾಲ್ಕು ಮಾತುಗಳು. ಎಡಗೈಯಲ್ಲಿ ಮೌಸು ಒತ್ತಿದರೆ ಬೇಕಾದ ಮಾತು ಹೊರಗೆ ಬರುತ್ತಿತ್ತು. ಆವತ್ತು ಅವನ ಹಳೆಯ ಸ್ಟೇಷನ್ ಮಾಸ್ಟರು ಸೇಬಿನ ಚೀಲ ಹಿಡಿದು ನೋಡಲು ಬಂದಿದ್ದರು. ಮೈಕು ಠೀವಿಯಿಂದ ಒತ್ತಿದ. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದಿತು ಲ್ಯಾಪ್‌ಟಾಪು. ಮೊದಲಾದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಹಿಂದಿನ ದಿನ ಆ್ಯಪು ಯಾರನ್ನೂ ಕೇಳದೆ ತನ್ನನ್ನು ತಾನೇ ಹೊಸದು ಮಾಡಿಕೊಂಡಿತ್ತು. ಒಂದು ಮುಗಿದ ಕೂಡಲೇ ಮುಂದಿನದನ್ನು ಶುರುಮಾಡುವುದು ಅದರ ಹೊಸ ಬುದ್ಧಿ. "ಎಷ್ಟು ಸಲ ಹೇಳೋದು, ತಲೇಲಿ ಮಣ್ಣು ತುಂಬಿದೆಯಾ?" ಎಂದಿತು. "ಮುಖ ನೋಡ್ತಾ ನಿಂತ್ಕೋಬೇಡ, ಹೋಗು ಆ ಕಡೆ" ಎಂದಿತು.

ಅರ್ಧ ಕೂತಿದ್ದ ಮಾಸ್ಟರು ಎದ್ದು ನಿಂತರು. ಮೈಕು ಮೌಸು ಕುಟ್ಟಿದ, ಲ್ಯಾಪ್‌ಟಾಪಿನ ಮುಚ್ಚಳ ಬಡಿದ. ಮುಚ್ಚುವ ಮುಂಚೆ "ತಿನ್ನೋದಕ್ಕೆ ಮಾತ್ರ ಬಾಯಿ ದೊಡ್ಡದು" ಎನ್ನುವುದೊಂದು ಬಿದ್ದೇ ಬಿಟ್ಟಿತು. ಮಾಸ್ಟರು ಸೇಬು ಕೊಡಬೇಕೋ ವಾಪಸ್ ಒಯ್ಯಬೇಕೋ ತಿಳಿಯದೆ ಬಾಗಿಲ ಬಳಿ ಇಟ್ಟು ಹೊರಟುಹೋದರು. ಮೈಕಿನ ಹೆಂಡತಿ ಅಡುಗೆಮನೆಯಲ್ಲಿ ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಆ ಮಾತುಗಳು ಬೇರೆಯವರ ಮೇಲೆ ಬಿದ್ದದ್ದು ಅದೇ ಮೊದಲು.

ಮೈಕು ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅಂಥ ಗಂಟಲಿದ್ದವನಿಗೆ ಕೈ ಯಾಕೆ ಬೇಕು? ಊಟ ಹತ್ತು ನಿಮಿಷ ತಡವಾದರೆ ಬೀದಿ ಕಡೆಯ ಕಿಟಕಿ ತೆಗೆದು, ಸ್ಟೇಷನ್ನಿನ ಧಾಟಿಯಲ್ಲೇ ಘೋಷಿಸುತ್ತಿದ್ದ: "ಪ್ರಯಾಣಿಕರ ಗಮನಕ್ಕೆ! ಒಂದು ಗಂಟೆಗೆ ಬರಬೇಕಾಗಿದ್ದ ಊಟ ಹೆಂಡತಿಯ ದಡ್ಡತನದ ಕಾರಣ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ." ಎದುರು ಮನೆಯ ದರ್ಜಿ ಹೊಲಿಗೆ ಮೆಷಿನ್ನು ನಿಲ್ಲಿಸಿ ನಗುತ್ತಿದ್ದ. ಅವಳ ಅಮ್ಮ ತೀರಿಕೊಂಡ ಫೋನು ಬಂದಾಗಲೂ, "ನಿಮ್ಮ ತಾಯಿಯವರ ಗಾಡಿ ಈಗಷ್ಟೇ ಹೊರಟಿದೆ" ಎಂದು ಅದೇ ಧಾಟಿಯಲ್ಲಿ ಹೇಳಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೀದಿಯವರ ಲೆಕ್ಕದಲ್ಲಿ ಮೈಕು ಬಹಳ ತಮಾಷೆಯ ಮನುಷ್ಯ.

ಧ್ವನಿಪೆಟ್ಟಿಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಎಲ್ಲರ ಎದುರು ಅತ್ತಳು. ಆಮೇಲೆ ಆಸ್ಪತ್ರೆಯ ಬಚ್ಚಲಿಗೆ ಹೋಗಿ ಮುಖ ತೊಳೆದು, ಕನ್ನಡಿ ನೋಡಿಕೊಂಡು, "ಅಬ್ಬ" ಎಂದಳು. ಆದರೆ ಅಲ್ಲಿ ಸ್ಪೀಚ್ ಡಾಕ್ಟರಮ್ಮ ಒಬ್ಬಳಿದ್ದಳು. ದನಿ ಹೋಗುವ ಮೊದಲೇ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿಸುವುದು ಅವಳ ಕೆಲಸ. ಅವಳು ಕೊಟ್ಟ ಪಟ್ಟಿಯಲ್ಲಿ "ನೀರು ಬೇಕು", "ನೋವಾಗ್ತಿದೆ", "ಉಸಿರು ಕಟ್ತಿದೆ", "ತುಂಬ ಉಪಕಾರ ಆಯ್ತು" ಎಂದೆಲ್ಲ ಇತ್ತು. ಮೈಕು ಉಪಕಾರದ್ದನ್ನು ಹೊಡೆದುಹಾಕಿ ತನ್ನದೇ ಪಟ್ಟಿ ಬರೆದುಕೊಂಡ. ಎರಡು ದಿನ ಕೋಣೆಯ ಹೊರಗೆ ಫ್ಲಾಸ್ಕ್ ಹಿಡಿದು ಕೂತಿದ್ದ ಹೆಂಡತಿಗೆ ಎಲ್ಲವೂ ಕೇಳಿಸಿತು. ಇನ್ನು ಜೀವಮಾನದಲ್ಲಿ ಬಾಯಿಂದ ಆಡಲಾಗದ ಮಾತುಗಳನ್ನು ಆರಿಸಿಕೊಳ್ಳುವ ಹೊತ್ತಿನಲ್ಲಿ ಆ ಮನುಷ್ಯ ಅವಳನ್ನು ಬಯ್ಯಲು ನೂರಾ ಮೂವತ್ತು ಬಗೆ ಆರಿಸಿಕೊಂಡ. ಕೊನೆಯದೊಂದು ಮೊಮ್ಮಗಳಿಗೆ: ದಾರಿ ತಪ್ಪಿದ ಪುಟ್ಟ ಎಂಜಿನ್ನಿನ ಕಥೆ, ಹನ್ನೊಂದು ನಿಮಿಷ. ಅದನ್ನು ಹೇಳುವಾಗ ಅವನ ದನಿ ಬೆಣ್ಣೆಯಂತಿತ್ತು. ಇಂಥದ್ದೊಂದು ದನಿಯೂ ಇವನ ಹತ್ತಿರ ಇತ್ತೇ ಎಂದು ಅವಳ ಹೊಟ್ಟೆ ಉರಿದುಹೋಯಿತು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಮನೆಗೆ ಬಂದ ಮೂರನೆಯ ದಿನ ಲ್ಯಾಪ್‌ಟಾಪು ಬಾಯಿ ಬಿಟ್ಟಿತು. ಮೊದಲು ಬಯ್ಯಲು ಅವನಿಗೆ ಉಸಿರಾದರೂ ಖರ್ಚಾಗುತ್ತಿತ್ತು. ಈಗ ಒಂದು ಬೆರಳು ಸಾಕಾಗಿತ್ತು.

ಆದರೆ ಆ ಇನ್ನೂರ ಹದಿನಾಲ್ಕರಲ್ಲಿ ಇಲ್ಲದ ಮಾತಿಗೆ ಅವಳೇ ಗತಿ. ಆಪರೇಷನ್ನಿನಲ್ಲಿ ಭುಜದ ನರಕ್ಕೆ ಏಟು ಬಿದ್ದು ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಲ್ಲಿ ಅವನು ಬರೆದದ್ದು ಕೋಳಿ ಕೆದರಿದ ಹಾಗಿರುತ್ತಿತ್ತು. ಟೈಪಿಂಗ್ ಬಾರದು. ಅವನ ತುಟಿ ಓದಲು ಬರುತ್ತಿದ್ದುದು ಅವಳೊಬ್ಬಳಿಗೆ. ಮೂವತ್ತೆಂಟು ವರ್ಷ ಆ ಬಾಯಿಯನ್ನೇ ನೋಡುತ್ತ ಬದುಕಿದವಳಿಗೆ ಅದೇನು ಕಷ್ಟದ ವಿದ್ಯೆಯೇ? ಬಂದವರೆಲ್ಲ ಅವನನ್ನು ಕೇಳಿ ಅವಳ ಕಡೆ ತಿರುಗುತ್ತಿದ್ದರು. "ಏನಂತೆ?" ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು, ತನಗೆ ಬಿದ್ದ ಬೈಗುಳವನ್ನೂ ಸೇರಿಸಿ.

ಮಾಸ್ಟರು ಎದ್ದುಹೋದ ಆ ಭಾನುವಾರವೇ ಅಳಿಯನಿಗೆ ಕರೆ ಹೋಯಿತು. ಅಳಿಯನದು ಪ್ರಿಂಟಿಂಗ್ ಅಂಗಡಿ. ಕಂಪ್ಯೂಟರ್ ಅಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಮಾವನ ಪಕ್ಕ ಕೂತು, ಕನ್ನಡಕ ಏರಿಸಿ, ರೋಗ ಕಂಡುಹಿಡಿದ.

"ಅದೇ ಅಂದ್ಕೊಂಡೆ. ಇದು ಸ್ಟೋರಿಂದ ಹಾಕಿರೋ ಆ್ಯಪ್, ಮಾವ. ತನಗೆ ಬೇಕಾದಾಗ ಅಪ್‌ಡೇಟ್ ಆಗುತ್ತೆ, ನಮ್ಮನ್ನ ಕೇಳೋದೇ ಇಲ್ಲ. ಕಂಪನಿಯ ವೆಬ್‌ಸೈಟಿಂದ ನೇರವಾಗಿ ಡೆಸ್ಕ್‌ಟಾಪ್ ವರ್ಷನ್ ಇಳಿಸಿ ಹಾಕ್ತೀನಿ. ಒಂದು ಮುಗಿದ ತಕ್ಷಣ ನಿಲ್ಲಿಸೋ ಸೆಟ್ಟಿಂಗ್ ಅದರಲ್ಲಿದೆ."

ಮೈಕು ಮೌಸು ಒತ್ತಿದ. "ಭೇಷ್!" ಎಂದಿತು ಲ್ಯಾಪ್‌ಟಾಪು, ಹಿಂದೆಯೇ "ನಿಮ್ಮಪ್ಪನ ಮನೆಯಿಂದ ತಂದಿದ್ಯಾ?" ಎಂದೂ ಸೇರಿಸಿತು. ಅಳಿಯ ಕೇಳಿಸದವನ ಹಾಗೆ ಕೆಲಸ ಮುಂದುವರಿಸಿದ.

"ಎರಡನ್ನೂ ಒಟ್ಟಿಗೆ ಇಟ್ರೆ ಜಗಳ ಆಡ್ತವೆ ಅತ್ತೆ, ಒಂದೇ ಮನೇಲಿ ಓರಗಿತ್ತಿಯರ ಥರ. ಮೊದಲು ಹಳೇದನ್ನ ತೆಗೀಬೇಕು." ಪರದೆಯ ಮೇಲೆ ಏನೋ ಬಂತು. ಅಳಿಯ ಓದಿ ಕೈ ತಡೆದ. "ಇದನ್ನ ತೆಗೆದ್ರೆ ಇದರೊಳಗಿರೋದೆಲ್ಲ ಹೋಗುತ್ತಂತೆ. ಮಾವನ ಮಾತುಗಳು ಆ್ಯಪಿನ ಹೊಟ್ಟೆಯೊಳಗೇ ಕೂತಿವೆ. ಪೆನ್ ಡ್ರೈವಲ್ಲಿ ಇನ್ನೊಂದು ಕಾಪಿ ಇದೆ ಅಲ್ವಾ ಅತ್ತೆ?"

ಇರಲಿಲ್ಲ. ಆ ಪೆನ್ ಡ್ರೈವ್ ಆಸ್ಪತ್ರೆಯದು. ಮಾತುಗಳನ್ನು ಆ್ಯಪಿಗೆ ತುಂಬಿಸಿಕೊಂಡ ಮೇಲೆ ಅದನ್ನು ಕೌಂಟರಿನಲ್ಲಿ ವಾಪಸ್ ಕೊಟ್ಟು ಸಹಿ ಹಾಕಿ ಬಂದವಳು ಅವಳೇ. ಪಕ್ಕದಲ್ಲಿ ನಿಂತಿದ್ದವನು ಮೈಕು.

"ಇದೆಯಲ್ಲ, ಬೀರುವಿನಲ್ಲಿ" ಎಂದಳು.

ಅವಳು ಯೋಚಿಸಿ ಆಡಿದ ಮಾತಲ್ಲ. ಬಿಕ್ಕಳಿಕೆ ಬಂದ ಹಾಗೆ ಬಂತು. ಬಂದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಅವಳು ತೆಗೆದುಕೊಳ್ಳಲಿಲ್ಲ.

ಮೈಕು ಕುರ್ಚಿಯಿಂದ ಅರ್ಧ ಎದ್ದ. ತಲೆ ಅಲ್ಲಾಡಿಸಿದ, ಎಡಗೈ ಬೀಸಿದ, ತುಟಿ ಪಟಪಟ ಹೊಡೆದುಕೊಂಡಿತು. ಉಸಿರಾಡಲೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಗಾಳಿ ಬುಸುಬುಸು ಹೊರಟಿತು. ಅಳಿಯ ಗಾಬರಿಯಾಗಿ ಅತ್ತೆಯ ಕಡೆ ತಿರುಗಿದ. "ಏನಂತೆ?"

ಅವನು ಹೇಳುತ್ತಿದ್ದುದು ಅವಳಿಗೆ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಇಲ್ಲ, ಕಾಪಿ ಇಲ್ಲ, ಅವಳು ಸುಳ್ಳು ಹೇಳ್ತಿದಾಳೆ, ಮುಟ್ಟಬೇಡ.

"ಬೇಡವೇ ಬೇಡ, ಆ ದರಿದ್ರದ್ದು ಇನ್ನೊಂದು ನಿಮಿಷವೂ ಬೇಡ ಅಂತಿದ್ದಾರೆ" ಎಂದಳು. "ಮಾಸ್ಟರ ಮುಂದೆ ಮಾನ ಹೋಯ್ತಲ್ಲ, ಆ ಸಿಟ್ಟು. ಬೇಗ ತೆಗೀರಿ ಅಳಿಯಂದ್ರೇ, ಬಿಪಿ ಏರಿಬಿಟ್ಟೀತು."

ಅಳಿಯ ನಕ್ಕು, "ತೆಗೆದೇ ಬಿಟ್ಟೆ ಮಾವ" ಎನ್ನುತ್ತ ಒತ್ತಿದ. ಇನ್ನೂರ ಹದಿನಾಲ್ಕು ಮಾತು ಹೋಗಲು ನಾಲ್ಕು ಸೆಕೆಂಡೂ ಹಿಡಿಯಲಿಲ್ಲ. ಡೆಸ್ಕ್‌ಟಾಪ್ ವರ್ಷನ್ ಇಳಿದು ಕೂರಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷವೂ ಮೈಕು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಅಳಿಯನಿಗೆ ಬಿಸ್ಕತ್ತು ತಂದಿಟ್ಟಳು. ಆಮೇಲೆ ಬೀರು ತೆಗೆದು, ಹುಡುಕುವಷ್ಟು ಹುಡುಕಿ, ಒಂದು ಪೆನ್ ಡ್ರೈವ್ ತಂದು ಕೊಟ್ಟಳು. ಅದರಲ್ಲಿ ಮಗಳ ಮದುವೆಯ ಫೋಟೋಗಳಿದ್ದವು.

"ಅಯ್ಯೋ, ನಾನು ಇದೇ ಅಂದ್ಕೊಂಡಿದ್ದೆನಲ್ಲಪ್ಪಾ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಳಿಯನ ಮುಖ ಸುಣ್ಣ ಬಳಿದ ಹಾಗಾಯಿತು. ಒಳ್ಳೆಯ ಹುಡುಗ, ಪಾಪ. ಮಾವನ ಕಾಲ ಬಳಿ ಕೂತು ತಪ್ಪಾಯಿತೆಂದ. ಮೈಕು ಎಡಗೈಯಿಂದ ಹೆಂಡತಿಯ ಕಡೆ ಬೆರಳು ತೋರಿಸಿ ತೋರಿಸಿ ಸುಸ್ತಾದ. "ನಿಮ್ಮನ್ನ ಬಯ್ತಿಲ್ಲ, ನನ್ನ ಮರೆವಿಗೆ ಬಯ್ತಿದ್ದಾರೆ" ಎಂದು ಅವಳು ಅರ್ಥ ಹೇಳಿದಳು. ಹೋಗುವ ಮುಂಚೆ ಅಳಿಯ ಆಸ್ಪತ್ರೆಗೆ ಫೋನು ಮಾಡಿ, ಅಲ್ಲಿ ಕಾಪಿ ಉಳಿದಿದೆಯೇ ಹುಡುಕಲು ಹೇಳಿ, ಅತ್ತೆಯ ನಂಬರು ಕೊಟ್ಟ. ಆ ಒಂದು ಆಸೆ ಮೈಕನ್ನು ಹಿಡಿದು ನಿಲ್ಲಿಸಿತು. ಫೋನು ಗುಂಯ್‌ಗುಟ್ಟಿದಾಗಲೆಲ್ಲ ಅವನ ಕತ್ತು ಆ ಕಡೆ ಹೊರಳುತ್ತಿತ್ತು.

ಐದು ದಿನ ಮನೆಯಲ್ಲಿ ಮಾತಿರಲಿಲ್ಲ. ಅವಳಿಗೆ ಕಣ್ತುಂಬ ನಿದ್ದೆ ಬಂತು. ನೋಡಲು ಬಂದ ದರ್ಜಿಯ ಹೆಂಡತಿ, ಮೈಕು ತುಟಿ ಅಲ್ಲಾಡಿಸಿದ್ದನ್ನು ಕಂಡು "ಏನಂತಕ್ಕಾ?" ಎಂದು ಕೇಳಿದಳು. ಅವನು ಹೇಳಿದ್ದು, ಇವಳು ನನ್ನ ಬಾಯಿ ಕಿತ್ತುಕೊಂಡಳು ಎಂದು. "ಇವಳಿಲ್ದಿದ್ರೆ ನಾನು ಯಾವತ್ತೋ ಸತ್ತುಹೋಗ್ತಿದ್ದೆ ಅಂತಿದ್ದಾರೆ" ಎಂದಳು ಹೆಂಡತಿ. ದರ್ಜಿಯ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಸುಖ ಅಂದರೆ ಇಷ್ಟು ಸುಲಭಕ್ಕೆ ಸಿಗುವಂಥದ್ದು ಎಂದು ಮೈಕಿನ ಹೆಂಡತಿಗೆ ಗೊತ್ತೇ ಇರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಸ್ಪೀಚ್ ಡಾಕ್ಟರಮ್ಮನ ಫೋನು ಬಂತು. ಇಬ್ಬರೂ ಊಟದ ಮೇಜಿನ ಎದುರುಬದುರು ಇದ್ದರು. ಅವಳು ಸ್ಪೀಕರಿಗೆ ಹಾಕಿ ಫೋನನ್ನು ನಡುವೆ ಇಟ್ಟಳು. ಅವನಿಗೆ ಕೇಳಿಸದ ಹಾಗೆ ಮಾಡಬಹುದಿತ್ತು. ಕೇಳಿಸಲಿ ಎಂದೇ ಹಾಕಿದಳು.

"ಒಳ್ಳೇ ಸುದ್ದಿ! ನಮ್ಮ ಹಳೇ ಕಂಪ್ಯೂಟರಲ್ಲಿ ಪೂರ್ತಿ ಸಿಕ್ಕಿದೆ. ವರ್ಷ ತುಂಬಿದ್ದಕ್ಕೆ ಇವತ್ತು ಸಾಯಂಕಾಲ ಅಳಿಸೋರಿದ್ವಿ. ರೋಗಿ ಒಪ್ಪಿದ್ರೆ ಮಾತ್ರ ಕೊಡಬಹುದು, ನಿಯಮ. ಯಜಮಾನ್ರು ಅಲ್ಲೇ ಇದ್ದಾರಾ?"

"ಇಲ್ಲೇ ಇದ್ದಾರೆ. ನೀವೇ ಕೇಳಿ."

"ಏನ್ ಸಾರ್, ಕಳಿಸ್ಲಾ?"

ಮೈಕಿನ ಬಾಯಿ ಅಗಲವಾಗಿ ತೆರೆಯಿತು. ಕಳಿಸಿ, ಕಳಿಸಿ, ಕಳಿಸಿ. ಫೋನಿಗೆ ತುಟಿ ಕಾಣುವುದಿಲ್ಲ. ಅವನು ಮೇಜು ಗುದ್ದಿದ, ತಟ್ಟೆಗಳು ಹಾರಿದವು.

"ಅದೇನು ಸದ್ದು? ಏನಂದ್ರು?"

"ಬೇಡವಂತೆ ಡಾಕ್ಟರಮ್ಮ" ಎಂದಳು ಅವಳು, ಗಂಡನ ಮುಖ ನೋಡುತ್ತಲೇ. "ಹಳೇ ದನಿ ಕೇಳಿದ್ರೆ ಸಂಕಟ ಆಗುತ್ತಂತೆ. ನೋಡಿ, ಮೇಜು ಗುದ್ದಿ ಗುದ್ದಿ ಹೇಳ್ತಿದ್ದಾರೆ."

ಡಾಕ್ಟರಮ್ಮ ನಿಟ್ಟುಸಿರುಬಿಟ್ಟಳು. "ತುಂಬ ಜನ ಹಾಗೇ ಅಂತಾರಮ್ಮ. ನಾವು ಬಲವಂತ ಮಾಡೋ ಹಾಗಿಲ್ಲ. ಮೊಮ್ಮಗಳಿಗೆ ಹೇಳಿದ ಕಥೆ ಒಂದಿತ್ತಲ್ಲ, ಅದನ್ನಾದ್ರೂ ಕಳಿಸ್ಲಾ? ಮಗು ದೊಡ್ಡದಾದ್ಮೇಲೆ ಕೇಳುತ್ತೆ."

ಗುದ್ದು ನಿಂತಿತು. ಮೈಕು ಮೇಲೇಳದ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು ಮೇಜಿನ ಮೇಲೆ ತಂದು ಎರಡನ್ನೂ ಜೋಡಿಸಿದ. ಅವನ ತುಟಿ ಮೆಲ್ಲಗೆ, ಒಂದು ಅಕ್ಷರವೂ ತಪ್ಪದ ಹಾಗೆ ಆಡಿತು. ಅದೊಂದನ್ನಾದ್ರೂ ಉಳಿಸು, ನಿನ್ನ ಕಾಲಿಗೆ ಬೀಳ್ತೀನಿ. ಮೂವತ್ತೆಂಟು ವರ್ಷದಲ್ಲಿ ಅವನು ಅವಳನ್ನು ಕೇಳಿಕೊಂಡದ್ದು ಇದೊಂದೇ. ಅವಳಿಗೆ ಮೊಮ್ಮಗಳ ಮುಖ ನೆನಪಾಯಿತು. ಮಗು ಆ ಕಥೆ ಕೇಳುತ್ತ ಹೆಬ್ಬೆರಳು ಚೀಪುವುದು ನೆನಪಾಯಿತು. ಮಗುವಿನದೇನು ತಪ್ಪು ಎಂದೂ ಅನ್ನಿಸಿತು. ಜೋಡಿಸಿದ ಆ ಕೈಗಳನ್ನು ಅವಳು ಸಾಕಾಗುವಷ್ಟು ಹೊತ್ತು ನೋಡಿದಳು.

"ಅದೂ ಬೇಡವಂತೆ" ಎಂದಳು. "ಅಳಿಸಿಬಿಡಿ."

"ಆಯ್ತಮ್ಮ. ಚೆನ್ನಾಗಿ ನೋಡ್ಕೊಳ್ಳಿ ಅವರನ್ನ."

ಫೋನು ಕಟ್ಟಾಯಿತು. ಮೈಕು ಅಳತೊಡಗಿದ. ಅಳುವುದಕ್ಕೂ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಪಶ್ಚಾತ್ತಾಪ ಬರಬಹುದೆಂದು ಅವಳು ಕೈಕಟ್ಟಿ ಕೂತು ಕಾದಳು. ಎಷ್ಟೆಂದರೂ ಹೆಂಗಸು, ಕಟ್ಟಿಕೊಂಡ ಗಂಡ, ಬಂದೇ ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ಹಸಿವು. ತನ್ನ ತಟ್ಟೆಗೆ ಮಾತ್ರ ಬಡಿಸಿಕೊಂಡು ಅವನ ಎದುರಿಗೇ ಊಟಕ್ಕೆ ಕೂತಳು.