ಏಡಿಗಳ ಸಾಕ್ಷಿ ಕೇಳಿದ ಹಾಜಿ ಮಕ್ಕಿ

ಹಾಜಿ ಮಕ್ಕಿ ಜಗತ್ತನ್ನು ಮೂಗಿನಿಂದ ನೋಡಿದವರು. ಆಗತಾನೇ ಒಲೆಯಿಂದ ಇಳಿದ ರೊಟ್ಟಿಯನ್ನು, ನೆಂಟರು ತಂದ ಖರ್ಜೂರವನ್ನು, ಕಡೆಗೆ ಮಗಳ ಮದುವೆಯಲ್ಲಿ ಬೀಗರು ಚಿಮುಕಿಸಿದ ಪನ್ನೀರನ್ನು ಸಹ ಒಮ್ಮೆ ಮೂಸಿ, ಹುಬ್ಬು ಗಂಟಿಕ್ಕಿ, "ಹೂಂ, ನೋಡೋಣ" ಎಂದ ಮೇಲೆಯೇ ಅಂಗೀಕರಿಸುತ್ತಿದ್ದರು. ನಡಿಗೆಯೂ ಅಂಥದೇ. ಮೊದಲು ಹಿಮ್ಮಡಿ ಊರಿ, ನೆಲ ಭಾರ ತಾಳೀತೇ ಎಂದು ಪರೀಕ್ಷಿಸಿ, ಆಮೇಲೆ ಉಳಿದ ಪಾದವನ್ನು ಇಡುವುದು. ಐವತ್ತು ವರ್ಷ ಕೊಲ್ಲಿಯ ಕೆಸರಿನಲ್ಲಿ ಓಡಾಡಿದವರಿಗೆ ಅದು ಸಹಜವೆನ್ನೋಣ. ಮಸೀದಿಯ ನುಣುಪು ಕಲ್ಲಿನ ಮೇಲೂ ಹಾಗೆಯೇ ನಡೆಯುತ್ತಿದ್ದರೆಂದರೆ ಏನು ಹೇಳುವುದು! ಬೂದುಬಣ್ಣದ ಉಣ್ಣೆಯ ಕೋಟೊಂದು ಬೇಸಿಗೆಯಲ್ಲೂ ಮೈ ಬಿಡುತ್ತಿರಲಿಲ್ಲ. ಯಾರಾದರೂ ಕೆಣಕಿದರೆ, "ಚಳಿ ಹೋಯ್ತು ಅಂತ ನಿನಗೆ ಯಾರಪ್ಪಾ ಹೇಳಿದ್ದು?" ಎಂದು ತಿರುಗಿ ಕೇಳುತ್ತಿದ್ದರು.

ಇಂಥವರ ಕೈಯಲ್ಲಿ ನಮ್ಮ ಹಳ್ಳಿಯ ಅನ್ನವಿತ್ತು. ನಮ್ಮವರು ಖರ್ಜೂರದ ಗರಿಯ ದಿಂಡುಗಳಿಂದ ದಂಡೆಯುದ್ದಕ್ಕೂ ಬೇಲಿ ಕಟ್ಟಿ, ಭರತದಲ್ಲಿ ಒಳಬಂದ ಮೀನನ್ನು ಇಳಿತದಲ್ಲಿ ಹಿಡಿಯುವವರು. ಸಮುದ್ರದ ನೀರು ಒಳನುಗ್ಗುವ ಕಾಲುವೆಯ ಬಾಯಿಯ ಬೇಲಿ ಹಾಜಿಯವರ ಮನೆತನದ್ದು. ಹಂಗಾಮಿನ ಮೊದಲ ಮೀನನ್ನು ದಂಡೆಯಲ್ಲೇ ಸುಟ್ಟು ಅವರು ತಿನ್ನಬೇಕು; ಅವರು ತಿಂದ ಮೇಲೆಯೇ ಉಳಿದವರು ತಮ್ಮ ಬೇಲಿಗಿಳಿಯಬೇಕು. ಅಜ್ಜಂದಿರ ಕಾಲದ ಈ ಕಟ್ಟನ್ನು ಯಾರೂ ಮೀರಿದ್ದಿಲ್ಲ.

ಆಳಸಮುದ್ರದಲ್ಲೆಲ್ಲೋ ಕಚ್ಚಾ ಎಣ್ಣೆಯ ಹಡಗೊಂದು ಒಡೆದು ದಂಡೆಗೆಲ್ಲ ಎಣ್ಣೆ ಬಂದ ವರ್ಷ ಆ ಕಟ್ಟಿಗೆ ಕೆಲಸವೇ ಇಲ್ಲದಾಯಿತು. ನೀರುಕಾಗೆಗಳು ಅಂಟಿದ ರೆಕ್ಕೆ ಬಿಚ್ಚಲಾರದೆ ಕುಳಿತಲ್ಲೇ ಸತ್ತವು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಉಸಿರುಬೇರುಗಳಿಗೆ ಡಾಂಬರು ಮೆತ್ತಿ ಎಲೆಗಳು ಸುಟ್ಟಂತೆ ಉದುರಿದವು. ಏಡಿಗಳು ಬಿಲದೊಳಗೇ ಸಮಾಧಿಯಾದವು. ಸ್ವಚ್ಛಗೊಳಿಸಲು ಬಂದವರ ಜೊತೆ ಹಾಜಿಯವರೂ ಏಳು ತಿಂಗಳು ಸಲಿಕೆ ಹಿಡಿದು ಡಾಂಬರು ಬಳಿದು ತೆಗೆದರು. ಎರಡು ವರ್ಷ ಊರಿಗೆ ಊರೇ ಪೇಟೆಯ ಮಂಜುಗಡ್ಡೆಯ ಮೀನು ತಿಂದು ಬಾಯಿ ಕೆಡಿಸಿಕೊಂಡಿತು.

ಮೂರನೆಯ ವಸಂತದಲ್ಲಿ ಆ ಕೆಸರು ಬಯಲಿಗೆಲ್ಲ ತೆಳ್ಳಗೆ ಹಸಿರು ಹಬ್ಬಿತು. ಮರುಭೂಮಿಯ ಅಂಚಿನಲ್ಲಿ ಬದುಕುವ ನಮಗೆ ಹಸಿರೆಂದರೆ ಜೀವ, ಹಸಿರೆಂದರೆ ದೇವರ ಒಪ್ಪಿಗೆ. ಹೆಂಗಸರು ಮನೆಮನೆಗೆ ಹಲ್ವ ಹಂಚಿದರು. ಹಾಜಿ ಮೊದಲ ಮೀನು ತಿಂದುಬಿಟ್ಟರೆ ದಂಡೆ ಶುದ್ಧವಾಯಿತೆಂದು ಬರೆದು, ಯಂತ್ರಗಳನ್ನೆತ್ತಿಕೊಂಡು ಹೊರಡಲು ಸ್ವಚ್ಛತೆಯ ಹೊಣೆ ಹೊತ್ತ ಸರ್ಕಾರಿ ಅಧಿಕಾರಿಯೂ ಸಿದ್ಧನಾಗಿದ್ದ. ಹಾಜಿ ಮಾತ್ರ ಹಿಮ್ಮಡಿಯಿಂದ ಆ ಹಸಿರನ್ನು ಒತ್ತಿ, "ಇದು ಹುಲ್ಲಲ್ಲ, ಚರ್ಮ. ಗಾಯದ ಮೇಲೆ ಕಟ್ಟಿದ ಹಕ್ಕಳೆ" ಎಂದು ಗೊಣಗಿದರು.

ಬೇಲಿಯಲ್ಲಿ ನಾಲ್ಕು ಸಾಫಿ ಮೀನು ಸಿಕ್ಕವು. ಸುಟ್ಟು ತಟ್ಟೆಯಲ್ಲಿಟ್ಟರು. ಊರೆಲ್ಲ ಸುತ್ತ ನಿಂತಿತ್ತು. ಹಾಜಿ ಮೂಸಿದರು, ಮತ್ತೊಮ್ಮೆ ಮೂಸಿದರು, ತಟ್ಟೆಯನ್ನು ಸರಿಸಿಬಿಟ್ಟರು.

"ಎಣ್ಣೆ ವಾಸನೆ."

ತಂಗಿಯ ಮಗ ಅಬ್ಬಾಸನಿಗೆ ರೇಗಿತು. "ಮಾವಾ, ಬೆಳಿಗ್ಗೆ ಅತ್ತೆ ಕೊಟ್ಟ ರೊಟ್ಟಿಗೂ ಎಣ್ಣೆ ವಾಸನೆ ಅಂದ್ರಂತಲ್ಲ! ಎಣ್ಣೆ ಮೀನಲ್ಲಿಲ್ಲ, ನಿಮ್ಮ ಮೂಗಲ್ಲಿದೆ. ಒಂದು ಮೂಗಿಗೋಸ್ಕರ ನಾವೆಲ್ಲ ಎಷ್ಟು ದಿನ ಕೈಕಟ್ಟಿ ಕೂರೋದು?"

ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ ಅಂದು ಬಿಳಿಚಿಕೊಂಡರು. ಅಬ್ಬಾಸ ಹೇಳಿದ್ದು ಸುಳ್ಳಾಗಿರಲಿಲ್ಲ. ಸಲಿಕೆ ಹಿಡಿದ ಆ ಏಳು ತಿಂಗಳಿಂದೀಚೆಗೆ ರೊಟ್ಟಿ, ಕಾಫಿ, ತಲೆದಿಂಬು, ಹೆಂಡತಿ ಜಲೀಲಾಳ ಕೂದಲು ಎಲ್ಲವೂ ಅವರಿಗೆ ಎಣ್ಣೆಯೇ. ಅದನ್ನು ಯಾರಿಗೂ ಹೇಳದೆ ಒಳಗೊಳಗೇ ಹೆದರಿದ್ದರು.

"ಇರಬಹುದು ಕಣೋ," ಎಂದರು ಕೊನೆಗೆ. "ನನ್ನ ಮೂಗೇ ಕೆಟ್ಟಿರಬಹುದು. ಹಾಗಾದ್ರೆ ಮೂಗಿಲ್ಲದವರನ್ನ ಕೇಳೋಣ."

ಮರುದಿನ ಎಣ್ಣೆ ತಾಗದ ದಕ್ಷಿಣದ ಕಾಲುವೆಯಿಂದ ಬುಟ್ಟಿ ತುಂಬ ಜೀವಂತ ಏಡಿಗಳನ್ನು ತಂದು, ಇಳಿತದ ಹೊತ್ತಿಗೆ ಆ ಹಸಿರಿನ ಮೇಲೆ ಸುರಿದರು. ಅಬ್ಬಾಸ ತೋಳು ಕಟ್ಟಿ ನಕ್ಕ. "ಕೋರ್ಟು ಸೇರಿತು ನೋಡ್ರಪ್ಪಾ, ಸಾಕ್ಷಿಗಳು ಅಡ್ಡಡ್ಡ ನಡೀತಾ ಬರ್ತಿದಾರೆ!" ಏಡಿಗಳು ಆತುರಾತುರವಾಗಿ ತೋಡಿ ಒಳಗಿಳಿದವು. ಊರು ಹರ್ಷೋದ್ಗಾರ ಮಾಡಿತು. ಹಾಜಿ ಅಲುಗಲಿಲ್ಲ. ಬಿಸಿಲೇರಿತು, ಯಾವ ಏಡಿಯೂ ಬಿಲ ಬಿಟ್ಟು ಬಾರದ ಉರಿಬಿಸಿಲಿನಲ್ಲಿ ಒಂದೊಂದಾಗಿ, ಕರ್ರಗಾದ ಕಾಲುಗಳನ್ನೆಳೆದುಕೊಂಡು ಮೇಲೆ ಬಂದು, ಒಳಗೆ ಹೋಗಲೊಲ್ಲದೆ ಅಲ್ಲೇ ಬಿದ್ದುಕೊಂಡವು.

ಅಬ್ಬಾಸನ ನಗು ನಿಂತಿತು. ಸಲಿಕೆ ತಂದು ಹಸಿರನ್ನು ಸೀಳಿದ. ಗೇಣುದ್ದ ಕೆಳಗೆ ಎಣ್ಣೆ ನಿನ್ನೆ ಬಂದಷ್ಟೇ ಹಸಿಯಾಗಿತ್ತು.

ಅಧಿಕಾರಿಯ ಯಂತ್ರಗಳು ಹೊರಡಲಿಲ್ಲ. ಹಸಿರನ್ನು ಉತ್ತು, ಅಲ್ಲಲ್ಲಿ ಕಿರುಗಾಲುವೆ ತೋಡಿ, ಭರತದ ನೀರು ಒಳಗೆಲ್ಲ ಆಡುವಂತೆ ಮಾಡಿದರು. ಊರು ಇನ್ನೂ ನಾಲ್ಕು ವರ್ಷ ಕಾಯಿತು, ಹಾಜಿಯನ್ನು ಶಪಿಸುತ್ತಲೇ ಕಾಯಿತು. ಐದನೆಯ ವರ್ಷ ಏಡಿಗಳು ತಾವಾಗಿಯೇ ಬಂದು, ಬಿಲದ ಬಾಯಲ್ಲಿ ಮಣ್ಣಿನ ಗೋಲಿ ಉರುಳಿಸಿಟ್ಟವು. ಉರಿಬಿಸಿಲಿಗೆ ಒಳಗೇ ಉಳಿದವು.

ಮತ್ತೆ ತಟ್ಟೆ ಬಂತು. ಹಾಜಿ ಮೂಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮುಖ ಕಹಿಯಾಯಿತು, ಕಣ್ಣು ತುಂಬಿತು.

"ಮಾವಾ, ಇನ್ನೂ ವಾಸನೆ ಇದೆಯಾ?" ಅಬ್ಬಾಸ ಪಿಸುಗುಟ್ಟಿದ.

"ನನಗಿದೆ," ಎಂದರು ಹಾಜಿ. "ಏಡಿಗಳಿಗಿಲ್ಲ." ಮತ್ತು ಮುಳ್ಳು ಬಿಡಿಸಿ, ಒಂದು ಚೂರೂ ಬಿಡದೆ ಇಡೀ ಮೀನು ತಿಂದರು. ಊರಿಗೆ ಸಮುದ್ರ ಮರಳಿತು. ಅವರಿಗೆ ಸಾಯುವವರೆಗೂ ಮರಳಲಿಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಪರರ ಮೇಲೆ ಪ್ರಯೋಗಿಸುವ ಸಂಶಯಪ್ರಾಣಿಗಳಿಗೆ ಲೋಕದಲ್ಲಿ ಬರವಿಲ್ಲ. ಅಂಥವರಿಂದ ಸಂಸಾರಗಳು ಒಡೆದಿವೆ, ಊರುಗಳು ಉರಿದಿವೆ. ಆದರೆ ಎಲ್ಲರನ್ನೂ ಶಂಕಿಸಿ ಮುಗಿದ ಮೇಲೆ ಅದೇ ಕಟಕಟೆಗೆ ತನ್ನನ್ನೂ ಹತ್ತಿಸಿ, ತೀರ್ಪು ತನಗೆ ವಿರುದ್ಧವಾದಾಗ ಬಾಯಿ ಮುಚ್ಚಿ ನುಂಗುವವರು ಅಪರೂಪ. ಅವರೊಡನೆ ಬದುಕುವುದು ಕಷ್ಟ, ಅವರಿಲ್ಲದೆ ಉಳಿಯುವುದು ಇನ್ನೂ ಕಷ್ಟ.