ಬಟ್ಟೆ ಚೂರುಗಳ ಪುಸ್ತಕ

ಬಾಬಾಜಾನನ ಕೈಯಿಂದ ಊಟದ ಡಬ್ಬಿ ಇಸಿದುಕೊಂಡ ಮಾರಕ್ಕನ ಕೈ ಜಗ್ಗಿತು. ಬೆಳಿಗ್ಗೆ ಗಂಡನಿಗೆ ಕಟ್ಟಿಕೊಟ್ಟಾಗ ಎಷ್ಟು ಭಾರವಿತ್ತೋ ಈಗಲೂ ಅಷ್ಟೇ ಇತ್ತು.

"ಯಾಕಣ್ಣ, ಅವ್ರು ಉಣ್ಣಲಿಲ್ವಾ?"

ಬಾಬಾಜಾನ್ ಹಾರೋಹಳ್ಳಿ ಕಡೆಯ ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಗೋದಾಮು ನೋಡಿಕೊಳ್ಳುವವನು. ಇಪ್ಪತ್ತು ವರ್ಷ ಅವಳ ಗಂಡ ನಂಜುಂಡಯ್ಯನ ಜೊತೆ ಒಂದೇ ಬೆಂಚಿನಲ್ಲಿ ಕೂತು ಉಂಡವನು. ಅವನು ಹೊಸಲು ದಾಟಲಿಲ್ಲ.

"ಹನ್ನೊಂದು ಗಂಟೆಗೆ ಕಸ್ಟಮ್ಸಿಂದ ಕಾಗ್ದ ಬಂತು ಕಣಕ್ಕ, ಸುಂಕ ಕಮ್ಮಿ ಕಟ್ಟಿದೀರ ಅಂತ. ಅಣ್ಣ ಓದುದ್ರು. ಇನ್ನೊಂದ್ಸಲ ಓದುದ್ರು. ಕನ್ನಡಕ ತೆಗ್ದು ಮೇಜಿನ ಮೇಲೆ ಮಡಗುದ್ರು. ಹಂಗೇ ಒರಗ್ಬುಟ್ರು. ಆಸ್ಪತ್ರೆಗೆ ಹೋಗಾದ್ರೊಳಗೆ..."

ಮಾರಕ್ಕ ಡಬ್ಬಿಯನ್ನು ಎದೆಗೆ ಅವಚಿಕೊಂಡು ಅಲ್ಲೇ ಕುಸಿದಳು. ಬಾಬಾಜಾನ್ ಕರ್ಚೀಫಿನಲ್ಲಿ ಸುತ್ತಿದ್ದ ಕನ್ನಡಕವನ್ನು ಅವಳ ಪಕ್ಕದಲ್ಲಿಟ್ಟ. ಆಮೇಲೆ ರಸ್ತೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ.

"ಆಸ್ಪತ್ರೆಯಿಂದ ವಾಪಸ್ ಹೋಗಿ ನೋಡ್ತೀನಿ, ಅಣ್ಣನ ಮೇಜಿನ ಡ್ರಾಯರೆಲ್ಲ ನೆಲಕ್ಕೆ ಸುರ್ದವ್ರೆ. ಏನ್ ಹುಡುಕ್ತಿದ್ರೋ ಕಾಣೆ."

ಆ ಮಾತು ಮಾರಕ್ಕನ ಕಿವಿಗೆ ಬಿತ್ತು. ಮನಸ್ಸಿಗೆ ಇಳಿಯಲಿಲ್ಲ.

*

ಮರುದಿನ ಬೆಳಿಗ್ಗೆ ಚಪ್ಪರದ ಕೆಳಗೆ ನಂಜುಂಡಯ್ಯ ಮಲಗಿದ್ದ. ಹಣೆ ತುಂಬ ವಿಭೂತಿ, ಬಾಯಿಗೆ ಎಲೆಯಡಿಕೆ. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಎನ್ನುವಂತಿತ್ತು. ಕನ್ನಡಕ ಮಾರಕ್ಕನ ಸೆರಗಿನ ಗಂಟಿನಲ್ಲಿತ್ತು.

"ಮಗನ ಧಾರೆ ಹೊತ್ನಲ್ಲೂ ಸೊಸೆ ಸೀರೆ ಅಂಚು ಮಗುಚಿ ನೋಡ್ತಾ ಕುಂತಿದ್ದ ಕಣ್ರೇ ನನ್ ತಮ್ಮ," ಎಂದು ಅಕ್ಕ ಶಿವಲಿಂಗಮ್ಮ ಅಳುತ್ತಲೇ ಹೇಳಿದಳು. "ನೋಡಿ, ಇದು ಕಲಬೆರಕೆ ನೂಲು ಅಂದ್ಬುಟ್ಟ. ಬೀಗರ ಮುಖ ನೋಡ್ಬೇಕಿತ್ತು!"

"ಹಿಮದ ಜಾಕೆಟ್ ಬಟ್ಟೆ ನೋಡೋನಲ್ವಾ, ಹಿಮ ಅಂದ್ರೆ ಹೆಂಗಿರ್ತದಣ್ಣ ಅಂತ ಕೇಳುದ್ರೆ, ಐಸ್‌ಕ್ಯಾಂಡಿ ಡಬ್ಬದೊಳ್ಗೆ ತಲೆ ಇಟ್ಟಂಗೆ ಕಣ್ಲಾ ಅನ್ನೋನು," ಎಂದ ಪಕ್ಕದ ಮನೆಯವನು. "ಜೀವಮಾನದಲ್ಲಿ ಕಂಡಿದ್ದಷ್ಟೇಯ."

ಒಂದಿಬ್ಬರು ನಕ್ಕರು. ಅಷ್ಟರಲ್ಲಿ ಬಿಳಿಯ ಕಾರೊಂದು ಬಂದು ನಿಂತಿತು. ನಗು ನಿಂತಿತು. ಮ್ಯಾನೇಜರು ಜಯಕುಮಾರ್ ತೋಳುದ್ದದ ಹಾರ ಹಿಡಿದು ಬಂದ, ಹಾಕಿದ, ಕೈಮುಗಿದ. ಆಮೇಲೆ ಮಾರಕ್ಕನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಅಮ್ಮಾ, ಅವರೊಂದು ಪುಸ್ತಕ ಇಟ್ಕೊಂಡಿದ್ರಲ್ಲ, ಬಟ್ಟೆ ಚೂರು ಅಂಟಿಸಿದ್ದು. ಮನೇಲೈತಾ?"

"ದೇವ್ರ ಗೂಡ್ನಲ್ಲೈತೆ ಸಾಮಿ."

ಜಯಕುಮಾರನ ಕಣ್ಣು ಒಳಮನೆಯ ಕಡೆ ಹೋಗಿ ಬಂತು. "ಪ್ರಾಣ ಅವರಿಗೆ ಅದು ಅಂದ್ರೆ. ಜೊತೆಲೇ ಇಟ್ಬುಡಿ. ಏನೋ ಕಣ್ತಪ್ಪಿ ಬರ್ದಿರ್ತಾರೆ. ಅವರ ತಪ್ಪು ಅವರ ಜೊತೆಲೇ ಹೋಗ್ಲಿ. ಊರೋರ ಬಾಯಿಗೆ ಯಾಕೆ?"

ಮಾರಕ್ಕ ಸೆರಗಿನ ಗಂಟನ್ನು ಬಿಗಿಹಿಡಿದಳು. ಆ ತಪ್ಪು ಅವಳಿಗೂ ಗೊತ್ತಿತ್ತು. ತಲೆಯಾಡಿಸಿದಳು.

*

ಹೊರದೇಶದಿಂದ ಬಟ್ಟೆ ಬಂದರೆ ಅದು ಯಾವ ಬಗೆಯ ಸುಂಕಕ್ಕೆ ಸೇರುತ್ತದೆ ಎಂದು ಗುರುತಿಸುವುದು ನಂಜುಂಡಯ್ಯನ ಕೆಲಸ. ಹಿಮದ ಮೇಲೆ ಜಾರುವ ಆಟದವರ ಜಾಕೆಟ್ಟಿಗೆ ಬರುವ ಬಟ್ಟೆಗೆ ಪ್ಲಾಸ್ಟಿಕ್ಕಿನ ತೆಳುವಾದ ಪದರ ಅಂಟಿಸಿರುತ್ತಾರೆ. ಬ್ಲೇಡಿನಿಂದ ಕತ್ತರಿಸಿದ ಅಂಚಿನಲ್ಲಿ ಆ ಪದರ ಬರಿಗಣ್ಣಿಗೆ ಕಂಡರೆ ಸುಂಕ ಹೆಚ್ಚು, ಕಾಣದಿದ್ದರೆ ಕಡಿಮೆ. ಭೂತಗನ್ನಡಿ ಹಿಡಿಯುವಂತಿಲ್ಲ. ನಂಜುಂಡಯ್ಯ ಮಡಿಯ ಮನುಷ್ಯ. ಅತಿ ನೇಮ ಮಾಡಿ ಕನ್ನಡಕವನ್ನೂ ತೆಗೆದಿಟ್ಟೇ ನೋಡುತ್ತಿದ್ದ. ಚೂರನ್ನು ಪುಸ್ತಕಕ್ಕೆ ಅಂಟಿಸಿ, ಕಂಡದ್ದನ್ನು ಅದರ ಕೆಳಗೆ ಬರೆದಿಡುತ್ತಿದ್ದ. ವರ್ಷ ಕಳೆದಂತೆ ಕಣ್ಣು ಮಂಜಾದುದು ಅವನಿಗೇ ತಿಳಿಯಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅವನು ಜಗಲಿಯ ಬಿಸಿಲಿನಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದ. ಕನ್ನಡಕ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು.

"ಮಾರೀ, ಒಸಿ ಬಾ ಇಲ್ಲಿ. ಈ ಅಂಚಲ್ಲಿ ಏನಾರ ಕಾಣ್ತದಾ ನೋಡು."

"ಕಾಣ್ದೆ ಏನು? ಹಾಲಿನ ಕೆನೆ ಹಂಗೆ ಬೆಳ್ಳಗೈತೆ."

"ಇದ್ರಲ್ಲಿ?"

"ಅದ್ರಲ್ಲೂ ಐತೆ."

ಅವನು ಪುಸ್ತಕ ಮುಚ್ಚಿದ. "ಮೂರು ವರ್ಷ ಕಣೆ," ಎಂದ. "ಮೂರು ವರ್ಷ ಕಾಣಾದ್ನ ಕಾಣಾಕಿಲ್ಲ ಅಂತ ಬರ್ದಿವ್ನಿ."

ಅಂದಿನಿಂದ ಪುಸ್ತಕ ಫ್ಯಾಕ್ಟರಿಗೆ ಹೋಗಲಿಲ್ಲ. ನಾಲ್ಕು ದಿನದ ಮೇಲೆ ಒಂದು ಸಂಜೆ ಬಂದವನೇ ಅದನ್ನು ತೆಗೆದು, ಕೊನೆಯ ಹಾಳೆಯಲ್ಲಿ ಏನೋ ಬರೆದು, ದೇವರ ಗೂಡಿನಲ್ಲಿಟ್ಟ. ಏನೆಂದು ಹೇಳಲಿಲ್ಲ. ಮಾರಕ್ಕನಿಗೆ ಅಕ್ಷರ ಬಾರದು.

*

ಅವರ ಕಡೆ ಹೆಂಗಸರೂ ಗುಂಡಿಯವರೆಗೆ ಹೋಗುತ್ತಾರೆ. ಹೆಣವನ್ನು ಇಳಿಸಿ ಉಪ್ಪು ಸುರಿದಾಗಿತ್ತು. ಪುಸ್ತಕ ನಂಜುಂಡಯ್ಯನ ಎದೆಯ ಮೇಲಿತ್ತು. ರಸ್ತೆಯಂಚಿನಲ್ಲಿ ಬಿಳಿಯ ಕಾರು. ಅದಕ್ಕೆ ಒರಗಿ ಜಯಕುಮಾರ್ ನೋಡುತ್ತಿದ್ದ. ಮಣ್ಣು ಬೀಳುವವರೆಗೆ ಹೋಗುವ ಹಾಗೆ ಕಾಣಲಿಲ್ಲ.

ಮಗ ಪುನೀತ್ ಮೊದಲ ಹಿಡಿ ಮಣ್ಣು ತೆಗೆದುಕೊಂಡ. ಆಗ ಬಾಬಾಜಾನ್ ಮಾರಕ್ಕನ ಹಿಂದೆ ಬಂದು ನಿಂತ. ಅವನ ಉಸಿರು ಏರಿತ್ತು.

"ಅಕ್ಕ, ನನ್ ಕೆಲ್ಸ ಹೋದ್ರೂ ಹೋಗ್ಲಿ. ನಾಳೆ ಕಸ್ಟಮ್ಸ್‌ನೋರು ಬತ್ತಾರೆ. ಎಲ್ಲಾ ನಂಜುಂಡಯ್ಯ ಬೇಕಂತ ಮಾಡಿದ್ದು, ನಮ್ಗೇನೂ ಹೇಳ್ಲಿಲ್ಲ ಅಂತ ಕಾಗ್ದ ರೆಡಿ ಮಾಡವ್ರೆ. ಎರಡು ತಿಂಗ್ಳ ಹಿಂದೇನೇ ಅಣ್ಣ ಮ್ಯಾನೇಜರ್ ಸಾರ್‌ಗೆ ಹೇಳಿದ್ರು ಕಣಕ್ಕ! ಆವತ್ತು ನಾನು ಬಾಗ್ಲಲ್ಲೇ ಇದ್ದೆ. ತಪ್ಪಾಗೈತೆ, ತಿದ್ದುಸ್ಬುಡಿ ಸಾರ್ ಅಂತ ಕೈ ಮುಗುದ್ರು. ಹಳೇದ್ರಂಗೇ ಬರೀರಿ, ಬಾಯ್ಮುಚ್ಕೊಂಡಿರಿ ಅಂದ್ರು ಸಾರು. ಅದ್ನ ಪುಸ್ತಕದಲ್ಲಿ ಬರ್ದಿವ್ನಿ ಅಂತ ಅಣ್ಣನೇ ನಂಗೆ ಹೇಳಿದ್ರು."

ಮಾರಕ್ಕ ಗುಂಡಿಯೊಳಗೆ ನೋಡಿದಳು.

"ಪುನೀತಾ, ಮಣ್ಣು ಹಾಕ್ಬ್ಯಾಡ. ಆ ಪುಸ್ತಕ ಎತ್ಕೊಡು."

"ಅಯ್ಯೋ, ಹುಚ್ಚು ಹಿಡೀತಾ ನಿಂಗೆ?" ಶಿವಲಿಂಗಮ್ಮ ಅವಳ ರಟ್ಟೆ ಹಿಡಿದಳು. "ಸತ್ತೋರ ಎದೆ ಮೇಲಿಂದು ಎತ್ಕಂಡ್ರೆ ವರ್ಷ ತುಂಬಾದ್ರೊಳಗೆ ಅದೇ ಮನೇಲಿ ಇನ್ನೊಂದು ಹೆಣ ಏಳ್ತದೆ ಕಣವ್ವ!"

ಪುನೀತ್ ತಾಯಿಯ ಮುಖವನ್ನೇ ನೋಡಿದ.

"ಎದ್ರೆ ನಂದೇ ಏಳ್ಲಿ ಅತ್ಗೆ," ಎಂದಳು ಮಾರಕ್ಕ. "ಕಳ್ಳ ಅನ್ನುಸ್ಕೊಂಡು ಅವ್ರು ಮಣ್ಣಾಗಾದು ಬ್ಯಾಡ."

ಪುನೀತ್ ಇಳಿದು ಪುಸ್ತಕವನ್ನೆತ್ತಿ, ಉಪ್ಪು ಕೊಡವಿ, ಕೊನೆಯ ಹಾಳೆ ತೆರೆದ. ತಂದೆಯ ದುಂಡನೆಯ ಅಕ್ಷರ. ತಾರೀಖು, ಮ್ಯಾನೇಜರನ ಹೆಸರು, ಆಡಿದ ಮಾತು, ಕೆಳಗೆ ರುಜು. ಅವನು ಎಲ್ಲರಿಗೂ ಕೇಳುವಂತೆ ಓದಿದ. ರಸ್ತೆಯಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು. ಕಾರು ಮಾತ್ರ ಕದಲಲಿಲ್ಲ.

ಮಾರಕ್ಕ ಪುಸ್ತಕವನ್ನು ಮಡಿಲಿಗೆ ಕಟ್ಟಿಕೊಂಡಳು. ಸೆರಗಿನ ಗಂಟು ಬಿಚ್ಚಿ ಕನ್ನಡಕ ತೆಗೆದು, ಸೀರೆಯಂಚಿನಿಂದ ಒರೆಸಿ, ಮಗನ ಕೈಗೆ ಕೊಟ್ಟಳು.

"ಅದ್ರ ಬದ್ಲಿಗೆ ಇದು. ಕಣ್ಣಿಗಿಡು ಮಗ."

ಪುನೀತ್ ಬಗ್ಗಿ, ಒಂದೊಂದೇ ಕಡ್ಡಿಯನ್ನು ತಂದೆಯ ಕಿವಿಗೆ ಸಿಕ್ಕಿಸಿದ. ಮುಖ ಮತ್ತೆ ನಂಜುಂಡಯ್ಯನದಾಯಿತು. ಎರಡು ಗಾಜಿನಲ್ಲೂ ಗುಂಡಿಯ ಸುತ್ತ ಬಗ್ಗಿದವರ ತಲೆಗಳು ಕಂಡವು. ಅವರ ನಡುವೆ ಒಂದು ಚೂರು ಆಕಾಶ. ಮಣ್ಣು ಬೀಳತೊಡಗಿತು. ಮಾರಕ್ಕ ಎರಡು ಕೈಯಿಂದಲೂ ಮಡಿಲು ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

"ತಾಯಿ ಕಬ್ಬಾಳಮ್ಮ, ಕಾಣ್ದೆ ಮಾಡಿದ್ದು ನನ್ ಗಂಡ, ಕಂಡ್ಮೇಲೆ ಮುಚ್ಚಿಡ್ಲಿಲ್ಲ. ತಣ್ಣಗೆ ಮಲಗಿಸ್ಕೋ ಅವ್ರನ್ನ."